ಬೆನಕಪ್ಪನವರಿಗೆ ಎಡೆ

ನಾಲ್ಕು ಫೋಟೋಗಳಿಗೆ ವಿಭೂತಿಯನ್ನೋ ಕುಂಕುಮವನ್ನೋ ಅವರವರ ಮನೆತನ ನೋಡಿ ಹಚ್ಚಿ ಮುಗಿಸಿ, ಐದನೆಯದರ ಗಾಜಿನ ಮೇಲೂ ಹಣೆ ಇರುವ ಜಾಗ ಹುಡುಕಿ ಮೂರು ಬೆರಳಿನ ಗೆರೆ ಎಳೆದು, ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ಕೈಮುಗಿದು, ಹೋಟೆಲಿನಿಂದ ತರಿಸಿದ ಉಪ್ಪಿಟ್ಟಿನ ಎಡೆಯನ್ನು ಕೆಳಗಿನ ಹಲಗೆಯ ಮೇಲೆ ಇಡುತ್ತಿದ್ದಾಗ ವಿಶ್ವನಾಥನಿಗೆ ಹೊಳೆಯಿತು: ಈ ಐದನೆಯವರ ಜೊತೆ ತಾನು ಅರ್ಧ ಗಂಟೆಯ ಹಿಂದಷ್ಟೇ ಫೋನಿನಲ್ಲಿ ಮಾತಾಡಿದ್ದೇನೆ. "ಹನ್ನೊಂದಕ್ಕೆ ಬತ್ತೀನಿ ಕಣಪ್ಪ. ಬಸ್ಸಲ್ಲೇ ಬತ್ತೀನಿ, ಕಾರು ಗೀರು ಕಳಿಸ್ಬೇಡ" ಎಂದು ಅವರು ಹೇಳಿದ್ದರು, ಹಿಂದೆ ಯಾರೋ ತಗಡು ಬಡಿಯುವ ಸದ್ದು ಕೇಳಿಸುತ್ತಿತ್ತು. ಈಗ ಅವರು ಗೋಡೆಯ ಮೇಲಿದ್ದರು. ಸುತ್ತ ಗಂಧದ ಚಕ್ಕೆಯ ಹಾರ. ತಲೆಯ ಮೇಲೊಂದು ಕೆಂಪು ಬಲ್ಬು ಹತ್ತಿ ಆರುತ್ತಿತ್ತು. ಚೌಕಟ್ಟಿನ ಕೆಳಗೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ, ಲಿಂಗೈಕ್ಯ ಶ್ರೀ ಬೆನಕಪ್ಪನವರು, ಸಂಸ್ಥಾಪಕರು, ಸ್ಟೀಲ್ ಬೀರು ಕಾರ್ಖಾನೆ, ಅಜ್ಜಂಪುರ. ಲಿಂಗದಲ್ಲಿ ಐಕ್ಯರಾದವರು ಹನ್ನೊಂದು ಗಂಟೆಗೆ ಬಸ್ಸಿಳಿದು ಸೈನ್ ಹಾಕಲು ಬರುವವರಿದ್ದರು.

ವಿಭೂತಿಯ ಗೆರೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಹಳೆಯ ನಾಲ್ವರಿಗೆ ಹಚ್ಚುವಾಗ ಒಂದಲ್ಲ ಒಂದು ಗೆರೆ ಕಿವಿಯ ಕಡೆ ವಾಲುತ್ತದೆ, ಅದನ್ನು ಅವನು ಅಂಗಿಯ ತುದಿಯಿಂದ ಯಾರೂ ನೋಡದಂತೆ ಒರೆಸಿ ಸರಿಮಾಡುತ್ತಾನೆ. ಈ ನಾಲ್ವರೂ ಅವನಿಗೆ ಏನೂ ಆಗಬೇಕಾದವರಲ್ಲ. ಯಗಟಿಯ ನಾರಿನ ಹಗ್ಗದ ಮಿಲ್ಲು ಶುರು ಮಾಡಿದ ಸಣ್ಣಬೀರಪ್ಪ, ತರೀಕೆರೆಯ ಹಂಚಿನ ಕಾರ್ಖಾನೆಯ ಚೌಡಪ್ಪ, ಸಖರಾಯಪಟ್ಟಣದ ಎಣ್ಣೆ ಮಿಲ್ಲಿನವರು, ಇಲ್ಲೇ ಕಡೂರಿನ ಸೋಪಿನವರು. ಅವರು ಸತ್ತ ಮೇಲೆ ಅವರ ಮಕ್ಕಳ ಕೈಯಲ್ಲಿ ಕುಂಟುತ್ತಿದ್ದ ಮಿಲ್ಲುಗಳನ್ನು ಅವನ ಅಣ್ಣ ರುದ್ರಮೂರ್ತಿ, ಅಕ್ಕ ಸುಮನಾ ಮತ್ತು ಅವನು, ಮೂವರೂ ಸೇರಿ ಒಂದೊಂದಾಗಿ ಕೊಂಡಿದ್ದರು. ಪತ್ರಿಕೆಯೊಂದು ಇದನ್ನು ಮಲ್ಲಿಕಾಂಬ ಸಾಮ್ರಾಜ್ಯ ಎಂದು ಬರೆದಿತ್ತು. ಮಲ್ಲಿಕಾಂಬ ಅವರ ತಾಯಿ, ಕಂಪನಿಗೆ ಅವರದೇ ಹೆಸರು. ಆ ತುಣುಕನ್ನು ಅಣ್ಣ ಲ್ಯಾಮಿನೇಷನ್ ಮಾಡಿಸಿ ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾನೆ, ಬಿ.ಎಚ್. ರಸ್ತೆಯ ಮೇಲಿನ ಎರಡು ಮಹಡಿಯ ಆಫೀಸಿಗೆ ಸಾಮ್ರಾಜ್ಯ ಎನ್ನುವುದು ಸ್ವಲ್ಪ ಜಾಸ್ತಿಯಾಯಿತು ಎಂದು ಅವನಿಗೆ ಒಮ್ಮೆಯೂ ಅನ್ನಿಸಿದಂತಿಲ್ಲ.

ಮೂವರ ಕೆಲಸವೂ ಹಂಚಿಹೋಗಿತ್ತು. ಯಾವ ಕಾರ್ಖಾನೆ ಕೊನೆಯುಸಿರು ಎಳೆಯುತ್ತಿದೆ ಎಂದು ಅಣ್ಣ ವಾಸನೆ ಹಿಡಿಯುತ್ತಾನೆ. ಅಕ್ಕ ಕಾಗದಪತ್ರ ಓದುತ್ತಾಳೆ, ಅವಳು ಓದಿದ ಕಾಗದದಲ್ಲಿ ಆಮೇಲೆ ಯಾರಿಗೂ ಏನೂ ಸಿಗುವುದಿಲ್ಲ. ವಿಶ್ವನಾಥ ಉಣ್ಣುತ್ತಾನೆ. ಮಾರುವವರ ಮನೆಗೆ ಮೊದಲು ಹೋಗಿ ಕೂತು, ಕೊಟ್ಟದ್ದನ್ನು ತಿಂದು, ಇನ್ನೊಂದು ಸಲ ಬಡಿಸಿಕೊಂಡು, ಆ ಮನೆಯ ಹಿರಿಯರ ಕಥೆಯನ್ನು ಮೊದಲಿಂದ ಕೊನೆಯ ತನಕ ಕೇಳಿ, ಕಣ್ಣಲ್ಲಿ ನೀರು ತಂದುಕೊಂಡು ಬರುವುದು ಅವನ ಇಲಾಖೆ. ನೀರು ಸುಳ್ಳಲ್ಲ, ಅವನಿಗೆ ನಿಜವಾಗಿಯೇ ಬರುತ್ತದೆ, ಅದೇ ಅವನ ಕಷ್ಟ. ಚಿಕ್ಕವನಿದ್ದಾಗ ನೆಂಟರ ಮನೆಯ ಊಟಕ್ಕೆ ಮೂವರಲ್ಲಿ ಒಬ್ಬರನ್ನು ಕಳಿಸಬೇಕಾದರೆ ಅಮ್ಮ, "ವಿಶ್ವನ್ನೇ ಕಳ್ಸೋಣ. ಅವ್ನು ತಿನ್ನೋದು ನೋಡಿದ್ರೆ ಬಡಿಸ್ದೋರ ಹೊಟ್ಟೆ ತುಂಬುತ್ತೆ" ಎನ್ನುತ್ತಿದ್ದಳು. ಅಮ್ಮನ ಹನ್ನೊಂದನೇ ದಿನದ ಹೋಳಿಗೆಯನ್ನೂ ಅವನು ಅಷ್ಟೇ ಮನಸ್ಸಿಟ್ಟು ತಿಂದಿದ್ದ, ಎದುರಿಗೆ ಕೂತಿದ್ದ ಅಕ್ಕ ಅವನ ಎಲೆಯನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲೆಲ್ಲೋ ಉಳಿದಿದೆ. ಹೋದ ವರ್ಷ ವರ್ತಕರ ಸಂಘದವರು ಸನ್ಮಾನ ಮಾಡಿದಾಗ ನಿರೂಪಕ ಅಣ್ಣನನ್ನು ಈ ಸಂಸ್ಥೆಯ ತಲೆ ಎಂದ, ಅಕ್ಕನನ್ನು ಕಣ್ಣು ಎಂದ, ವಿಶ್ವನಾಥನ ಹತ್ತಿರ ಬಂದು ಒಂದು ಕ್ಷಣ ಚೀಟಿ ನೋಡಿಕೊಂಡು, "ಇವರು, ಇವರ ತಮ್ಮ" ಎಂದ. ಹೊಟ್ಟೆ ಎಂದಿದ್ದರೂ ಅವನು ನಕ್ಕುಬಿಡುತ್ತಿದ್ದ.

ಫೋಟೋ ನೇತುಹಾಕುವ ಪದ್ಧತಿಯೂ ಅವನ ಬಾಯಿಂದಲೇ ಹುಟ್ಟಿದ್ದು. ಯಗಟಿಯಲ್ಲಿ ಸಣ್ಣಬೀರಪ್ಪನವರ ಮಗ ಸೈನ್ ಹಾಕುವ ಹೊತ್ತಿಗೆ ಪೆನ್ನು ಕೆಳಗಿಟ್ಟು, "ನಮ್ಮಪ್ಪನ್ ಫೋಟೋನ ಎಲ್ಲಿಗೆ ಎಸೀತೀರೋ" ಎಂದು ಗೋಳಾಡಿದಾಗ ವಿಶ್ವನಾಥ ತಡೆಯಲಾರದೆ, "ನಮ್ಮ ಆಫೀಸಲ್ಲೇ ಹಾಕ್ತೀವಿ ಕಣಣ್ಣ. ಪ್ರತಿ ಸೋಮವಾರ ಪೂಜೆ ಮಾಡಿ ಎಡೆ ಇಡ್ತೀವಿ" ಎಂದುಬಿಟ್ಟಿದ್ದ. ಮಗ ಅಲ್ಲೇ ಸೈನ್ ಹಾಕಿದ. ಕಾರಿನಲ್ಲಿ ವಾಪಸು ಬರುವಾಗ ಅಣ್ಣ, ಬೀರೂರು ದಾಟಿದ ಮೇಲೆ, "ಒಳ್ಳೇ ಐಡಿಯಾ ಕಣೋ" ಎಂದಿದ್ದ. ಅವತ್ತಿನಿಂದ ಅದು ಕಂಪನಿಯ ನಿಯಮ. ಸೈನಿಗೆ ಮೊದಲೇ ಫೋಟೋ ಗೋಡೆಗೆ ಏರಬೇಕು, ಮಾರುವವರು ಒಳಗೆ ಬಂದ ಕೂಡಲೇ ತಮ್ಮ ಹಿರಿಯರ ತಲೆಯ ಮೇಲೆ ದೀಪ ಉರಿಯುವುದನ್ನು ನೋಡಬೇಕು. ಇದನ್ನು ನೋಡಿ ಮೂವರು ಅತ್ತಿದ್ದರು. ಚೌಡಪ್ಪನವರ ಮಗನಂತೂ ಅಣ್ಣನ ಕಾಲಿಗೆ ಬಿದ್ದಿದ್ದ. ಅದಾಗಿ ಎಂಟು ತಿಂಗಳಿಗೆ ಅಕ್ಕ ಹಂಚಿನ ಗೂಡು ಕೆಡವಿಸಿದಳು. ಈಗ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಆ ಮಗ ವಿಶ್ವನಾಥನನ್ನು ಕಂಡರೆ ಬೈಯುವುದಿಲ್ಲ, ಬಸ್ಸಿನ ಬೋರ್ಡು ಓದುವವನಂತೆ ಮುಖ ತಿರುಗಿಸಿ ನಿಲ್ಲುತ್ತಾನೆ. ಬೈದಿದ್ದರೆ ವಾಸಿಯಿತ್ತು.

ವಿಶ್ವನಾಥ ಚೌಕಟ್ಟು ಹಾಕುವ ಮುನಿಯಪ್ಪನಿಗೆ ಫೋನ್ ಮಾಡಿದ. "ಏನ್ ಮುನಿಯಪ್ಪ, ಯಜಮಾನ್ರು ಇನ್ನೂ ಬದುಕಿದಾರಲ್ಲೋ."

"ಬದುಕಿದಾರಾ? ಬದುಕಿರೋರ ಫೋಟೋ ನಿಮ್ಮಾಫೀಸಿಂದ ಯಾವತ್ತೂ ಬಂದಿಲ್ವಲ್ಲ ಸಾ" ಎಂದ ಮುನಿಯಪ್ಪ. ಅವನ ಧ್ವನಿಯಲ್ಲಿ ಬೇಸರವಾಗಲಿ ಗಾಬರಿಯಾಗಲಿ ಇರಲಿಲ್ಲ. "ನೀವೇ ಅಲ್ವಾ ಯಾವಾಗ್ಲೂ ಮಾಡೋ ಹಂಗೇ ಮಾಡು ಅಂದಿದ್ದು. ನಿನ್ನೆ ಭಾನ್ವಾರ ಆದ್ರೂ ಬಂದು ಮೊಳೆ ಹೊಡ್ದು ಹಾಕಿ ಹೋಗಿದೀನಿ. ಹಾರ ತೆಗಿಬೌದು. ಅಕ್ಷರ ಪೈಂಟಲ್ಲಿ ಬರ್ದಿರೋದು, ಕೆರೀಬೇಕು. ಸಂಜಿ ಬತ್ತೀನಿ ಬಿಡಿ."

ಅವನು ಹೇಳಿದ್ದು ನಿಜ. ಬೆನಕಪ್ಪನವರ ಮನೆಯಿಂದ ಫೋಟೋ ತಂದು ಮುನಿಯಪ್ಪನ ಅಂಗಡಿಯ ಕಟ್ಟೆಯ ಮೇಲಿಟ್ಟು, ಯಾವಾಗಲೂ ಮಾಡುವ ಹಾಗೆ ಮಾಡು ಎಂದು ಹೇಳಿ ಬಂದಿದ್ದು ತಾನೇ. ಇಷ್ಟು ವರ್ಷ ಸಂಸ್ಥಾಪಕರು ಎಂದರೆ ಸತ್ತವರು ಎಂದೇ ರೂಢಿಯಾಗಿ, ಕಾರ್ಖಾನೆ ಕಟ್ಟಿದವರೇ ಅದನ್ನು ಮಾರುವ ತನಕ ಬದುಕಿರಬಹುದು ಎಂಬುದು ನಾಲಿಗೆಗೆ ಬರಲೇ ಇಲ್ಲ. ವಿಶ್ವನಾಥ ಮೂಲೆಯಲ್ಲಿದ್ದ ಸ್ಟೂಲನ್ನು ನೋಡಿದ. ಗಂಟೆ ಒಂಬತ್ತೂಕಾಲು. ಬೇಕಾದಷ್ಟು ಸಮಯವಿತ್ತು, ಸಮಯವಿದ್ದಾಗ ಅವನು ಯಾವತ್ತೂ ಏನನ್ನೂ ಮಾಡಿದವನಲ್ಲ.

ಅಷ್ಟರಲ್ಲಿ ಅಣ್ಣ ಬಂದ. ರುದ್ರಮೂರ್ತಿಗೆ ಶಕುನದ ಮೇಲೆ ಬಹಳ ನಂಬಿಕೆ. ಹೊರಡುವಾಗ ಯಾರಾದರೂ ಸೀನಿದರೆ ಒಳಗೆ ಹೋಗಿ ನೀರು ಕುಡಿದು ಬರುವವನು, ಮಂಗಳವಾರ ಚೆಕ್ಕಿಗೆ ಸೈನ್ ಹಾಕದವನು. ಆದರೆ ವ್ಯವಹಾರ ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುವುದಿಲ್ಲ. "ಫೋಟೋ ಬಂತಾ? ಗುಡ್" ಎಂದು ಫೋಟೋದ ಕಡೆ ನೋಡದೆ, ಐದಕ್ಕೂ ಸೇರಿಸಿ ಒಂದೇ ಸಲ ಕೈ ಮುಗಿದು ಕ್ಯಾಬಿನ್ನಿಗೆ ಹೋದ. ಹಿಂದೆಯೇ ಅಕ್ಕ, ಕಂಕುಳಲ್ಲಿ ನೀಲಿ ಫೈಲು. "ಉಪ್ಪಿಟ್ಟು ಒಂದು ಪ್ಲೇಟ್ ಜಾಸ್ತಿ ತರ್ಸಿದೀಯಲ್ಲೋ" ಎಂದಳು. ಐದನೆಯವರಿಗೆ ಎಂದು ಅವನು ಹೇಳಿದ್ದರೆ ಅವಳು ತಲೆಯೆತ್ತಿ ನೋಡುತ್ತಿದ್ದಳು. ಅವನು, "ನನಗೆ" ಎಂದ. "ಮನೇಲಿ ತಿಂದು ಬಂದಿಲ್ವಾ" ಎಂದು ಅವಳು ಒಳಗೆ ಹೋದಳು. ಆ ನೀಲಿ ಫೈಲಿನ ಮೂರನೆಯ ಹಾಳೆಯಲ್ಲಿ ಅವಳ ದುಂಡು ಅಕ್ಷರದಲ್ಲಿ ಬರೆದಿರುವುದನ್ನು ಅವನು ಹದಿನೈದು ದಿನದ ಹಿಂದೆ ಕದ್ದು ನೋಡಿದ್ದ. ಅಜ್ಜಂಪುರ ಷೆಡ್, ನಾರಿನ ಗೋಡೌನ್. ಮಿಷಿನ್‌ಗಳು ಕಡೂರಿಗೆ. ಕೆಲಸಗಾರರು ಹನ್ನೊಂದು, ಎಂದು ಬರೆದು ಮುಂದೆ ಒಂದು ಸಣ್ಣ ಗೆರೆ. ಗೆರೆಯ ಆಚೆ ಏನೂ ಇರಲಿಲ್ಲ.

ಆ ಗೆರೆಯ ಆಚೆ ಏನೂ ಇಲ್ಲ ಎಂಬುದು ಗೊತ್ತಿದ್ದೂ ಮರುದಿನವೇ ಅವನು ಅಜ್ಜಂಪುರಕ್ಕೆ ಹೋಗಿ ಬೆನಕಪ್ಪನವರ ನಡುಮನೆಯಲ್ಲಿ ಕೂತಿದ್ದ. ಅದು ಆ ಮನೆಯಲ್ಲಿ ಅವನ ಹದಿಮೂರನೆಯ ಊಟ. ಅವರ ಹೆಂಡತಿ ವಿಶಾಲಾಕ್ಷಮ್ಮ ಅಕ್ಕಿ ರೊಟ್ಟಿಯನ್ನು ಕಾವಲಿಯಿಂದ ನೇರವಾಗಿ ಅವನ ತಟ್ಟೆಗೆ ಹಾಕುತ್ತಿದ್ದರು, ಜೊತೆಗೆ ಹುಚ್ಚೆಳ್ಳು ಚಟ್ನಿ, ಬೆಣ್ಣೆ. ಮನೆಗೆ ಅಂಟಿಕೊಂಡೇ ಷೆಡ್ಡು. ಬೆನಕಪ್ಪನವರು ಒಂದೊಂದು ಬೀರುವೂ ಮುಗಿದ ಮೇಲೆ ಅದರ ಬಾಗಿಲಿಗೆ ಕಿವಿಯಿಟ್ಟು ಮೆಲ್ಲಗೆ ಮುಚ್ಚುತ್ತಾರೆ. ಸದ್ದು ಸರಿಯಿಲ್ಲದಿದ್ದರೆ ಕೀಲು ಬಿಚ್ಚಿಸುತ್ತಾರೆ. ಸರಿಯಿದ್ದರೆ ಒಳಗಿನ ಲಾಕರಿನಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಬೀಗ ಹಾಕುತ್ತಾರೆ, ಬೀರು ಬರಿದಾಗಿ ಯಾರ ಮನೆಗೂ ಹೋಗಬಾರದು. ಈ ಕಡೆಯ ಮನೆಗಳಲ್ಲಿ ಮೂರು ತಲೆಮಾರಿನ ಹೆಣ್ಣುಮಕ್ಕಳು ಸೀರೆ ಇಟ್ಟಿದ್ದು ಅವರ ಹಸಿರು ಬೀರುಗಳಲ್ಲೇ. ಈಗ ಜನ ಮೊಬೈಲಿನಲ್ಲಿ ಬೆರಳು ಒತ್ತಿ ಹಲಗೆಯ ಕಪಾಟು ತರಿಸುತ್ತಾರೆ, ಅದು ಎರಡು ಮಳೆಗಾಲಕ್ಕೆ ಉಬ್ಬುತ್ತದೆ, ಆದರೂ ಅದನ್ನೇ ತರಿಸುತ್ತಾರೆ. ಬೆನಕಪ್ಪನವರಿಗೆ ಎಪ್ಪತ್ತೆಂಟು. ಒಬ್ಬಳೇ ಮಗಳು ಕೋಮಲಾ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. "ಬೀರು ನಿಲ್ಲಲ್ಲ ತಾನೇ?" ಎಂದು ಅವರು ಕೇಳಿದಾಗ ವಿಶ್ವನಾಥನ ಬಾಯಲ್ಲಿ ರೊಟ್ಟಿಯಿತ್ತು. ಬಾಯಲ್ಲಿ ಅನ್ನ ಇದ್ದಾಗ ಸುಳ್ಳು ಹೇಳಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದು ನೆನಪಾಗಿ, ಅವನು ಪೂರ್ತಿ ನುಂಗಿ, ನೀರು ಕುಡಿದು, ಆಮೇಲೆ ಹೇಳಿದ. "ನಿಲ್ಲಲ್ಲ ಯಜಮಾನ್ರೇ. ಇಲ್ಲೇ ನಡೀತದೆ." ವಿಶಾಲಾಕ್ಷಮ್ಮ ಇನ್ನೊಂದು ರೊಟ್ಟಿ ಹಾಕಿದರು. ಅದನ್ನೂ ಅವನು ತಿಂದ.

ಹತ್ತೂವರೆಗೆ ಅವನು ಸ್ಟೂಲು ಎಳೆದು ಹತ್ತಿದ. ನಲವತ್ತಾರು ವರ್ಷದ, ಎಂಬತ್ತಾರು ಕಿಲೋ ತೂಕದ ಪಾಲುದಾರನೊಬ್ಬ ಸೋಮವಾರ ಬೆಳಿಗ್ಗೆ ಸ್ಟೂಲಿನ ಮೇಲೆ ನಿಲ್ಲುವುದು ನೋಡಲು ಅಂಥ ಒಳ್ಳೆಯ ದೃಶ್ಯವೇನಲ್ಲ. ಸ್ಟೂಲಿನ ಒಂದು ಕಾಲು ಗಿಡ್ಡವಿತ್ತು. ಕ್ಯಾಬಿನ್ನಿನ ಗಾಜಿನಾಚೆ ಅಣ್ಣ ಅಕ್ಕ ಒಂದೇ ಹಾಳೆಯ ಮೇಲೆ ಬಗ್ಗಿದ್ದರು, ಆ ಎರಡು ತಲೆಗಳ ನಡುವೆ ತನ್ನ ತಲೆಗೆ ಜಾಗವಿಲ್ಲ ಎಂದು ಅವನಿಗೆ ನಾಲ್ಕನೇ ಕ್ಲಾಸಿನಲ್ಲಿ ಅನ್ನಿಸಿದ್ದು ಈಗಲೂ ಹಾಗೇ ಅನ್ನಿಸಿತು. ಹಾರ ಸಲೀಸಾಗಿ ಕೈಗೆ ಬಂತು. ಬಲ್ಬಿನ ವೈರನ್ನು ಎಳೆದರೆ ಅದೂ ಆರುತ್ತದೆ, ಅಕ್ಷರದ ಮೇಲೆ ಒಂದು ಕ್ಯಾಲೆಂಡರು ನೇತುಹಾಕಿದರೆ ಮುಗಿಯಿತು. ಹನ್ನೊಂದಕ್ಕೆ ಯಜಮಾನರು ಬರುತ್ತಾರೆ, ಫೋಟೋ ನೋಡಿ ಹಿಗ್ಗುತ್ತಾರೆ, ಸೈನ್ ಹಾಕುತ್ತಾರೆ, ನಾಲ್ಕು ತಿಂಗಳಿಗೆ ಷೆಡ್ಡಿನಲ್ಲಿ ನಾರಿನ ಮೂಟೆ. ಬೆನಕಪ್ಪನವರು ಗಾಜಿನೊಳಗಿಂದ ಅವನನ್ನು ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವ ಮುಖದಲ್ಲೇ ನೋಡುತ್ತಿದ್ದರು. ವಿಶ್ವನಾಥ ಹಾರವನ್ನು ಒಂದು ನಿಮಿಷ ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಮತ್ತೆ ಅದನ್ನು ಫೋಟೋಕ್ಕೆ ಹಾಕಿ, ಎರಡೂ ಕಡೆ ಸಮನಾಗಿದೆಯೇ ಎಂದು ನೋಡಿ, ಇಳಿದು, ಸ್ಟೂಲನ್ನು ಮೂಲೆಗಿಟ್ಟು, ಕೈ ತೊಳೆಯಲು ಹೋದ. ಯಾಕೆ ಹಾಗೆ ಮಾಡಿದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ ಅವನಿಗಿತ್ತು.

ಬೆನಕಪ್ಪನವರು ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಬಂದರು. ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲೊಂದು ಬಟ್ಟೆಯ ಚೀಲ. ಅಣ್ಣ ಅಕ್ಕ ಇಬ್ಬರೂ ಎದ್ದು ಬಂದು ಕೈಮುಗಿದರು. ಅವರು ಕೂರಲಿಲ್ಲ, ಗೋಡೆಯ ಹತ್ತಿರ ಹೋಗಿ, ಮದುವೆ ಮನೆಯಲ್ಲಿ ನೆಂಟರನ್ನು ಮಾತಾಡಿಸುವ ಹಾಗೆ ಮೊದಲನೆಯ ಫೋಟೋದಿಂದ ಶುರು ಮಾಡಿದರು.

"ಓ, ಸಣ್ಣಬೀರಪ್ಪ. ಇಲ್ಲಿದೀಯೇನೋ. ಬೀರು ತಗಂಡೋಗಿ ಬೀಗದ ಕೈ ಕಳ್ಕಂಡು ಮೂರ್ ಸಲ ಬಂದಿದ್ದ ಇವ್ನು." ಇನ್ನೊಂದು ಹೆಜ್ಜೆ. "ಚೌಡಪ್ಪ. ಇವನ್ ಹಂಚು ಇವತ್ತಿಗೂ ನನ್ ಷೆಡ್ ಮೇಲದೆ. ಒಂದೂ ಸೋರಿಲ್ಲ ನೋಡಪ್ಪ." ಉಳಿದಿಬ್ಬರ ಪರಿಚಯವಿಲ್ಲದ್ದರಿಂದ ಸುಮ್ಮನೆ ಕೈಮುಗಿದರು. ಐದನೆಯದರ ಮುಂದೆ ನಿಂತರು.

ವಿಶ್ವನಾಥನಿಗೆ ಹೆದರಿಕೆಯಿತ್ತು, ಅದರ ಜೊತೆಗೇ ಎಲ್ಲೋ ಒಂದು ಮೂಲೆಯಲ್ಲಿ, ಕ್ಲಾಸಿನಲ್ಲಿ ಮೇಷ್ಟರ ಕುರ್ಚಿಗೆ ಗೋಂದು ಹಚ್ಚಿ ಕಾಯುವವನ ಖುಷಿಯೂ ಇತ್ತು. ಬೆನಕಪ್ಪನವರು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಲ್ಬು ಹತ್ತಿತು, ಆರಿತು. ಅವರು ಅಕ್ಷರ ಕೂಡಿಸಿ ಜೋರಾಗಿ ಓದಿದರು. "ಲಿಂಗೈಕ್ಯ ಶ್ರೀ ಬೆನಕಪ್ಪನವರು."

ಅಣ್ಣ ಆಗ ಫೋಟೋ ನೋಡಿದ. ಅವನ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು, ಹೋಗಲು ಅದಕ್ಕೂ ದಾರಿ ತೋಚಲಿಲ್ಲ. ಅಕ್ಕ ಫೋಟೋ ನೋಡಲೇ ಇಲ್ಲ, ನೇರ ವಿಶ್ವನಾಥನನ್ನು ನೋಡಿದಳು.

"ಫೋಟೋ ಚೆನ್ನಾಗ್ ಬಂದದೆ" ಎಂದರು ಬೆನಕಪ್ಪನವರು. "ವಿಭೂತಿ ಯಾರು ಹಚ್ಚಿದ್ದು?"

"ನಾನು" ಎಂದ ವಿಶ್ವನಾಥ.

"ನೇರಕ್ಕದೆ." ಅವರು ತಿರುಗಿದರು. "ಮತ್ತೆ ನಾನು ಯಾವಾಗ ಹೋದೆ, ವಿಶ್ವನಾಥ?"

ಏನಾದರೂ ಹೇಳಬಹುದಿತ್ತು. ಮುನಿಯಪ್ಪನ ಮೇಲೆ ಹಾಕಬಹುದಿತ್ತು. ಫೋಟೋಕ್ಕೆ ಹಾರ ಬಿದ್ದರೆ ಆಯುಸ್ಸು ಹೆಚ್ಚುತ್ತದೆ ಎನ್ನಲು ಅಣ್ಣ ಆಗಲೇ ಬಾಯಿ ತೆರೆಯುತ್ತಿದ್ದ. ಇಪ್ಪತ್ತು ವರ್ಷ ಎದುರಿಗಿದ್ದವರಿಗೆ ಹಿತವಾದದ್ದನ್ನೇ ಹೇಳಿ ಪಳಗಿದ ವಿಶ್ವನಾಥನ ನಾಲಿಗೆ ಅವನನ್ನು ಕೇಳದೆಯೇ ಹೊರಳಿತು.

"ಇನ್ನೂ ಇಲ್ಲ ಯಜಮಾನ್ರೇ. ಸೈನ್ ಹಾಕಿದ್ಮೇಲೆ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. "ಷೆಡ್ಡು ಗೋಡೌನ್ ಆಗುತ್ತೆ. ಮಿಷಿನ್ ಇಲ್ಲಿಗ್ ಬರ್ತವೆ. ಹನ್ನೊಂದ್ ಜನಕ್ಕೂ ಕೆಲ್ಸ ಇಲ್ಲ. ನಿಮ್ಮನೇಲಿ ಕೂತು ಉಂಡು ನಾನು ಸುಳ್ಳು ಹೇಳ್ದೆ."

"ಲೇ ವಿಶ್ವ" ಎಂದ ಅಣ್ಣ, ಮೆಲ್ಲಗೆ.

ಬೆನಕಪ್ಪನವರು ಕುರ್ಚಿ ಎಳೆದುಕೊಂಡು ತಮ್ಮ ಫೋಟೋದ ಕೆಳಗೇ ಕೂತರು. ಕೋಪ ಬಂದ ಹಾಗೆ ಕಾಣಲಿಲ್ಲ. "ತರೀಕೆರೆಗೆ ನಾನೂ ಹೋಗ್ತಿರ್ತೀನಿ ಕಣಪ್ಪ. ಚೌಡಪ್ಪನ್ ಗೂಡು ಏನಾಯ್ತು ಅಂತ ನೋಡಿದೀನಿ. ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ. ಇಷ್ಟು ಮನಸಿಟ್ಟು ಉಣ್ಣೋನು ಮೋಸ ಮಾಡಲ್ಲ ಅಂತ ನಮ್ಮನೆಯವ್ಳು ಹೇಳಿದ್ಲು. ಮಾಡ್ತಾನೆ ಅಂತ ನಾನು ಹೇಳಿದ್ದೆ. ಇಬ್ರೂ ಗೆದ್ವಿ ಅನ್ನು."

ವಿಶ್ವನಾಥನಿಗೆ ನಾಚಿಕೆಯಾಯಿತು. ಸಿಕ್ಕಿಬಿದ್ದ ನಾಚಿಕೆಯಲ್ಲ ಅದು, ಹದಿಮೂರು ಸಲವೂ ಆ ಇಬ್ಬರು ಮುದುಕರು ಗೊತ್ತಿದ್ದೇ ತನಗೆ ಬೆಣ್ಣೆ ಹಾಕಿದರಲ್ಲ ಎಂಬ ನಾಚಿಕೆ. ಅಕ್ಕ ಮಾತ್ರ ತಡಮಾಡಲಿಲ್ಲ. "ಯಜಮಾನ್ರೇ, ತಪ್ಪಾಗಿದೆ. ಹಾರ ತೆಗೆಸ್ತೀನಿ, ಕೂತು ಮಾತಾಡಣ" ಎಂದಳು.

"ಹಾರ ತೆಗಿಬೌದು ತಾಯಿ. ಎಡೆ ಇಟ್ಟಾಯ್ತಲ್ಲ" ಎಂದು ಅವರು ಹಲಗೆಯ ಮೇಲಿನ ಐದನೆಯ ತಟ್ಟೆಯನ್ನು ತೋರಿಸಿದರು. "ಬದುಕಿರೋನಿಗೆ ಎಡೆ ಇಟ್ರೆ, ಇಟ್ಟ ಮನೆಗೆ ಏನಾಗುತ್ತೆ ಅನ್ನೋದು ನಿಮ್ಮಣ್ಣಂಗೆ ಗೊತ್ತಿರುತ್ತೆ."

ಏನಾಗುತ್ತದೆ ಎಂಬುದು ಅಣ್ಣನಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಬೆನಕಪ್ಪನವರೇ ಅದನ್ನು ಆ ಗಳಿಗೆಯಲ್ಲಿ ಹುಟ್ಟಿಸಿದ್ದು. ಆದರೆ ಗೊತ್ತಿಲ್ಲದ್ದರಿಂದಲೇ ಅದು ಅಣ್ಣನನ್ನು ಹಿಡಿಯಿತು. ರುದ್ರಮೂರ್ತಿ ತಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದ. "ಪರಿಹಾರ ಏನಾದ್ರೂ..." ಎಂದ.

"ಅದೆ" ಎಂದರು ಬೆನಕಪ್ಪನವರು. ಐದನೆಯ ತಟ್ಟೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಆರಿದ ಉಪ್ಪಿಟ್ಟನ್ನು ನಿಧಾನವಾಗಿ ತಿನ್ನತೊಡಗಿದರು. "ನಂದೇ ಅಲ್ವಾ ಇದು. ಉಪ್ಪು ಕಮ್ಮಿ." ಇನ್ನೊಂದು ತುತ್ತು. "ನಂಗೆ ಕೈ ನಡುಗ್ತವೆ. ಮಾರ್ದೆ ವಿಧಿಯಿಲ್ಲ, ನಿಮಗೇ ಮಾರ್ತೀನಿ. ಆದ್ರೆ ಸತ್ತೋರಿಗೆ ಎಡೆ ಇಟ್ಮೇಲೆ ಸತ್ತೋರ ಆಸೆನೂ ನಡೆಸ್ಬೇಕು. ಬೀರು ನಿಲ್ಲಲ್ಲ ಅಂತ ನನ್ ಮನೇಲಿ ಕೂತು ಹೇಳ್ದೋನು ಇವ್ನು. ಇವ್ನೇ ಮಾಡ್ಲಿ. ದಿನಾ ಬೆಳಿಗ್ಗೆ ಬಂದು ಸಂಜೆ ತನ್ಕ ಷೆಡ್ಡಲ್ಲಿರ್ಲಿ. ಇವ್ನು ಬರೋ ತನ್ಕ ಅದು ಷೆಡ್ಡು. ಇವ್ನು ಸಾಕಪ್ಪಾ ಅಂತ ಬಿಟ್ಟ ದಿನ ನಿಮ್ಮ ಗೋಡೌನ್ ಮಾಡ್ಕಳಿ, ನಾನ್ ಕೇಳಲ್ಲ. ಹಂಗಂತ ಬರಿ ತಾಯಿ."

ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಅವಳು ಓದುತ್ತಿದ್ದಾಳೆ ಎಂಬುದು ವಿಶ್ವನಾಥನಿಗೆ ತಿಳಿಯಿತು. ಅವಳ ತುಟಿಯ ಅಂಚಿನಲ್ಲಿ ಒಂದು ಸಮಾಧಾನ ಮೂಡಿತು. ಇವನು ಅಲ್ಲಿ ತಡೆಯುವುದು ಎರಡು ತಿಂಗಳು ಎಂದು ಆ ಸಮಾಧಾನ ಹೇಳುತ್ತಿತ್ತು, ಜಾಸ್ತಿಯೆಂದರೆ ಎರಡೂವರೆ. ಅವಳು ಒಂದೇ ಒಂದು ಮಾತು ಚೌಕಾಸಿ ಮಾಡದೆ ಹಾಳೆ ತೆಗೆದು ಬರೆದಳು. ಇಡೀ ಬೆಳಗಿನಲ್ಲಿ ಅವನನ್ನು ಚುಚ್ಚಿದ್ದು ಅದೊಂದೇ. ಬೈದಿದ್ದರೆ, ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಸೈನ್ ಹಾಕುವ ಮುಂಚೆ ಬೆನಕಪ್ಪನವರು ಪೆನ್ನೆತ್ತಿ, "ಲಿಂಗೈಕ್ಯ ಅಂತ ಸೇರಿಸ್ಲಾ ತಾಯಿ?" ಎಂದು ಕೇಳಿದರು. ಅಕ್ಕ, "ಬೇಡ" ಎಂದಳು. ಹೋಗುವಾಗ ಅವರು ಫೋಟೋವನ್ನು ಬಲ್ಬಿನ ಸಮೇತ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದರು.

ಆ ಗುರುವಾರದಿಂದ ವಿಶ್ವನಾಥನೂ ಬಸ್ಸಿನಲ್ಲೇ ಹೋಗತೊಡಗಿದ. ಕಾರು ಇನ್ನೊಂದು ಕಡೆ ಬೇಕಾಗುತ್ತದೆ ಎಂದು ಅಣ್ಣ ಹೇಳಿದ್ದ. ಮೊದಲ ದಿನ ಹೊರಡುವಾಗ ಹೆಂಡತಿ ಅನುಪಮಾ ಮೂರು ಅಂತಸ್ತಿನ ಡಬ್ಬಿಯನ್ನು ಕೈಗೆ ಕೊಟ್ಟು, "ಮದ್ವೆಯಾಗಿ ಹದಿನೆಂಟು ವರ್ಷಕ್ಕೆ ಮೊದಲ್ನೇ ಸಲ ನಿಮಗೆ ಡಬ್ಬಿ ಕಟ್ತಿದೀನಿ ಕಣ್ರೀ" ಎಂದು ನಕ್ಕಳು. ಬೇಡ, ಅಲ್ಲಿ ವಿಶಾಲಾಕ್ಷಮ್ಮ ಬಿಡುವುದಿಲ್ಲ ಎಂದು ಅವನು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅವನು ಕೈ ತೊಳೆದು ನಡುಮನೆಯ ಹೊಸ್ತಿಲಲ್ಲಿ ನಿಂತಾಗ ವಿಶಾಲಾಕ್ಷಮ್ಮ ಒಳಗಿಂದಲೇ, "ಏನಪ್ಪಾ?" ಎಂದರು. ಅವನು ಏನಿಲ್ಲ ಎಂದ. "ನೆಂಟನಾಗಿ ಬಂದ್ರೆ ಎಲೆ ಹಾಕ್ತೀನಿ ಕಣಪ್ಪ. ಕೆಲ್ಸಕ್ ಬಂದೋರೆಲ್ಲ ಷೆಡ್ಡಲ್ಲೇ ಉಣ್ಣೋದು" ಎಂದರು, ಬಹಳ ಅಕ್ಕರೆಯಿಂದ.

ಮೂರು ವಾರ ಕಳೆದವು. ತಗಡು ಕುಯ್ಯುವವನ ಪಕ್ಕ ನಿಂತು ಅವನು ಬೆರಳು ಕುಯ್ದುಕೊಂಡ. ಬಣ್ಣ ಹೊಡೆಯುವವನ ಪಕ್ಕ ನಿಂತು ಎರಡು ಅಂಗಿ ಹಸಿರು ಮಾಡಿಕೊಂಡ. ಯಾರೂ ನಗಲಿಲ್ಲ, ಅಂದರೆ ಅವನ ಎದುರಿಗೆ ನಗಲಿಲ್ಲ. ಬೀರುವಿನ ಬಾಗಿಲಿಗೆ ಕಿವಿ ಕೊಟ್ಟರೆ ಅವನಿಗೆ ಎಲ್ಲ ಸದ್ದೂ ಒಂದೇ ಕೇಳುತ್ತಿತ್ತು, ಅದನ್ನು ಹೇಳಲು ಹೆದರಿ ತಲೆಯಾಡಿಸುತ್ತಿದ್ದ. ಫೋಟೋ ಷೆಡ್ಡಿನ ಕಂಬಕ್ಕೆ ಏರಿತ್ತು. ಹಾರ ತೆಗೆದಿದ್ದರು, ಬಲ್ಬು ಚೆನ್ನಾಗಿದೆ ಎಂದು ಉಳಿಸಿಕೊಂಡಿದ್ದರು. ಲಿಂಗೈಕ್ಯ ಎಂಬುದನ್ನು ಕೆರೆಸಲು ಮುನಿಯಪ್ಪನನ್ನು ಕರೆಸುತ್ತೇನೆ ಎಂದರೆ ಬೆನಕಪ್ಪನವರು, "ಇರ್ಲಿ ಬಿಡು. ಆಮೇಲೆ ಮತ್ತೆ ಯಾರ್ ಬರೆಸ್ತಾರೆ" ಎಂದರು. ಸೋಮವಾರ ವಿಭೂತಿ ಹಚ್ಚುವಾಗ ಅವರು ಕೆಳಗೆ ಕುರ್ಚಿಯಲ್ಲಿ ಕೂತು, ಮೇಲಿನ ಗೆರೆ ಇನ್ನೊಂದು ಚೂರು ಅಗಲ ಮಾಡು ಎಂದು ಹೇಳಿಕೊಡುತ್ತಿದ್ದರು.

ಇವತ್ತು ಬುಕ್ಕಾಂಬುಧಿಗೆ ಹೋಗಬೇಕಾದ ಬೀರು ಸಿದ್ಧವಾಗಿತ್ತು. ಮದುವೆಯ ಮನೆಯದು, ಸಂಜೆ ಗಾಡಿ ಬರುತ್ತದೆ. ಬೆಳಿಗ್ಗೆ ಎರಡು ಸಲ ಅದರ ಬಾಗಿಲು ಮುಚ್ಚಿ ತೆಗೆದಾಗ ಕೆಳಗಿನ ಕೀಲಿನ ಹತ್ತಿರ ಏನೋ ಸಣ್ಣಗೆ ತಡೆದ ಹಾಗೆ ವಿಶ್ವನಾಥನಿಗೆ ಕೇಳಿಸಿತ್ತು. ತಾನು ಕೇಳಿದ್ದರ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ. ಹೇಳಲೋ ಬೇಡವೋ ಎಂದು ಮಧ್ಯಾಹ್ನದ ತನಕ ಸುತ್ತಾಡಿ, ಕೊನೆಗೆ ಹೇಳಿದ. ಬೆನಕಪ್ಪನವರು ಬಂದು ಕಿವಿಯಿಟ್ಟರು. ಇನ್ನೊಂದು ಸಲ ಮುಚ್ಚಿಸಿದರು. ಕೀಲು ಬಿಚ್ಚಲು ಕೈ ಸನ್ನೆ ಮಾಡಿದರು. ಕೀಲು ಸರಿಯಾಗಿ, ಬಾಗಿಲು ಮುಚ್ಚಿದ ಮೇಲೆ ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದು ವಿಶ್ವನಾಥನ ಅಂಗೈಗೆ ಸುರಿದರು. ಇಷ್ಟು ದಿನ ಅದನ್ನು ಅವರೇ ಹಾಕುತ್ತಿದ್ದರು. ಅವನು ಒಂದು ಕಾಳೂ ಬೀಳದ ಹಾಗೆ ಬಗ್ಗಿ ಲಾಕರಿನಲ್ಲಿ ಅಕ್ಕಿ ಹಾಕಿ ಬೀಗ ತಿರುಗಿಸಿದ. ಕಣ್ಣಲ್ಲಿ ನೀರು ಬರಬಹುದು ಎಂದು ಕಾದ. ಬರಲಿಲ್ಲ.

ಒಂದೂವರೆಗೆ ಡಬ್ಬಿ ಬಿಚ್ಚಿ ಕೂತಾಗ, ದಿನದಂತೆ ಫೋಟೋದ ಕೆಳಗಿನ ಕುರ್ಚಿಯಿಂದ ಒಂದು ಕೈ ಮುಂದೆ ಬಂತು. "ಎಡೆ" ಎಂದರು ಬೆನಕಪ್ಪನವರು. ಮೂರು ರೊಟ್ಟಿಗಳಲ್ಲಿ ಎರಡನ್ನು ಅವನು ಡಬ್ಬಿಯ ಮುಚ್ಚಳದಲ್ಲಿಟ್ಟು ಕೊಟ್ಟ. "ಚಟ್ನಿ" ಎಂದರು. ಅದನ್ನೂ ಹಾಕಿದ. ಆ ಹೊತ್ತಿಗೆ ಸರಿಯಾಗಿ ಅಕ್ಕನ ಫೋನ್ ಬಂತು.

"ಹೇಗಿದೀಯೋ? ಸಾಕಾಗಿರ್ಬೇಕಲ್ಲ. ಕಾರು ಕಳಿಸ್ಲಾ?" ಅವಳ ಧ್ವನಿಯಲ್ಲಿ ನಿಜವಾದ ಪ್ರೀತಿಯಿತ್ತು. ಹಿಂದೆ ಅಣ್ಣ ಯಾರಿಗೋ ಗೋಡೌನಿನ ಅಳತೆ ಹೇಳುತ್ತಿದ್ದುದೂ ಕೇಳಿಸಿತು.

ಬೆನಕಪ್ಪನವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಅವನ ಕಡೆ ನೋಡಲಿಲ್ಲ. ಆಚೆ ಹನ್ನೊಂದು ಜನರೂ ತಮ್ಮ ತಮ್ಮ ಡಬ್ಬಿಯ ಮುಂದೆ ಕೂತು ಈ ಕಡೆ ಕಿವಿಗೊಟ್ಟಿದ್ದರು. ಡಬ್ಬಿಯ ತಳದಲ್ಲಿ ಒಂದು ರೊಟ್ಟಿ ಉಳಿದಿತ್ತು.

"ಊಟಕ್ ಕೂತಿದೀನಿ ಅಕ್ಕ" ಎಂದ ವಿಶ್ವನಾಥ. "ಆಮೇಲೂ ಕೆಲ್ಸ ಇದೆ. ಕಾರು ಬೇಡ."

ಫೋನು ಕೆಳಗಿಟ್ಟು ರೊಟ್ಟಿ ಮುರಿದ. ಬೆಳಗಿನಿಂದ ನಿಂತೇ ಇದ್ದದ್ದಕ್ಕೆ ಕಾಲು ನೋಯುತ್ತಿದ್ದವು, ಒಂದೇ ರೊಟ್ಟಿ ಸಾಲುವುದಿಲ್ಲ ಎಂದು ಗೊತ್ತಿತ್ತು. ಇಷ್ಟು ವರ್ಷ ಊರೂರಿನ ಮನೆಗಳಲ್ಲಿ ಅಷ್ಟೊಂದು ಉಂಡವನಿಗೆ ಇವತ್ತು ಹಸಿವಾಗಿತ್ತು.